ಉಪ್ಪುನೀರಿನ ಟ್ಯಾಂಕಿನಲ್ಲಿ ಯಾವ ಮೀನಿಗೆ ಯಾವ ಮೀನು ಜೊತೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಕೆಲವರ ಮನೆಯಲ್ಲಿ ಆಗಲೇ ಉಪ್ಪುನೀರಿನ ಅಕ್ವೇರಿಯಂ ಇದೆ, ಇನ್ನು ಕೆಲವರು ಶುರು ಮಾಡುವ ಯೋಚನೆಯಲ್ಲಿದ್ದೀರಿ. ಎರಡೂ ಕಡೆಯವರು ಕೇಳುವ ಪ್ರಶ್ನೆ ಒಂದೇ: "ಈ ಮೀನಿನ ಜೊತೆ ಆ ಮೀನು ಇಡಬಹುದಾ?" ಇದಕ್ಕೆ ಉತ್ತರವಾಗಿ ಬಣ್ಣದ ಚೌಕಗಳಿರುವ ಚಾರ್ಟುಗಳು ಸಿಗುತ್ತವೆ. ಹಸಿರಿದ್ದರೆ ಇಡಬಹುದು, ಕೆಂಪಿದ್ದರೆ ಬೇಡ, ಹಳದಿ ಇದ್ದರೆ ಎಚ್ಚರ. ಚಾರ್ಟನ್ನು ನೋಡಲೇಬೇಡಿ ಎನ್ನುವುದಿಲ್ಲ, ಕೆಂಪು ಚೌಕವನ್ನಂತೂ ನಂಬಿ. ಆದರೆ ನಿಮ್ಮ ಟ್ಯಾಂಕ್ ಎಷ್ಟು ಉದ್ದ ಇದೆ, ಒಳಗೆ ಕಲ್ಲಿನ ಸಂದುಗಳು ಎಷ್ಟಿವೆ, ಯಾವ ಮೀನು ಮೊದಲು ಬಂತು, ಯಾವುದು ಆಮೇಲೆ ಬಂತು ಎಂಬುದು ಆ ಚಾರ್ಟಿಗೆ ಗೊತ್ತಿಲ್ಲ. ಜಗಳ ಹುಟ್ಟುವುದು ಬಹುಪಾಲು ಅಲ್ಲಿಂದಲೇ.

ಕಡಲಿನಲ್ಲೂ ಈ ಮೀನುಗಳು ಜಗಳವಾಡುತ್ತವೆ. ಹವಳದ ದಿಬ್ಬದಲ್ಲಿ ಒಂದೊಂದು ಬಿಲಕ್ಕೂ ಒಂದೊಂದು ಸಂದಿಗೂ ಹಕ್ಕುದಾರರಿರುತ್ತಾರೆ. ಅಲ್ಲಿ ಸೋತ ಮೀನು ಓಡಿಹೋಗುತ್ತದೆ, ಗೆದ್ದದ್ದು ಒಂದಷ್ಟು ದೂರ ಅಟ್ಟಿ ತನ್ನ ಜಾಗಕ್ಕೆ ವಾಪಸಾಗುತ್ತದೆ, ಅಲ್ಲಿಗೆ ಮುಗಿಯಿತು. ಗಾಜಿನೊಳಗೆ ಸೋತ ಮೀನಿಗೆ ಓಡಲು ಜಾಗವಿಲ್ಲ. ಎಷ್ಟು ಓಡಿದರೂ ಅದು ಗೆದ್ದ ಮೀನಿನ ಕಣ್ಣಳತೆಯಲ್ಲೇ ಇರುತ್ತದೆ. ಗೆದ್ದ ಮೀನಿನ ಲೆಕ್ಕದಲ್ಲಿ ಎದುರಾಳಿ ಇನ್ನೂ ಹೋಗಿಲ್ಲ, ಹಾಗಾಗಿ ಅಟ್ಟುವುದನ್ನು ನಿಲ್ಲಿಸುವುದಿಲ್ಲ. ಅದನ್ನು ಕೇಡಿ ಮೀನು ಅಂತ ಬೈಯುತ್ತೇವೆ. ಅದು ಕಡಲಲ್ಲಿ ಮಾಡುವುದನ್ನೇ ಇಲ್ಲೂ ಮಾಡುತ್ತಿದೆ. ತಪ್ಪಿಸಿಕೊಳ್ಳುವ ದಾರಿಯನ್ನು ಮುಚ್ಚಿದವರು ನಾವು. ಆದ್ದರಿಂದ ಜೊತೆಗಾರರನ್ನು ಆರಿಸುವ ಕೆಲಸವನ್ನು ನಾವೇ ಅಷ್ಟು ಶ್ರದ್ಧೆಯಿಂದ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಯಾವ ಮೀನು ಯಾವುದರ ಮೇಲೆ ಎರಗುತ್ತದೆ? ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡ ಕೊನ್ರಾಡ್ ಲೊರೆಂಝ್ ಹವಳದ ಮೀನುಗಳನ್ನು ಅಕ್ವೇರಿಯಂನಲ್ಲಿಟ್ಟು ಇದನ್ನೇ ಗಮನಿಸಿದ್ದರು. ಎದ್ದು ಕಾಣುವ ಬಣ್ಣದ ಮೀನುಗಳು ಪರಜಾತಿಯವನ್ನು ಬಹುಮಟ್ಟಿಗೆ ಬಿಟ್ಟು, ತಮ್ಮದೇ ಜಾತಿಯ ಮೀನನ್ನು ಕಂಡರೆ ಮೈಮೇಲೆ ಬೀಳುತ್ತವೆ ಎಂಬುದು ಅವರಿಗೆ ಕಂಡದ್ದು. ಬಣ್ಣ ಇರುವುದೇ "ಈ ಜಾಗ ನನ್ನದು" ಎಂದು ಸಾರಲು ಎಂಬ ಅವರ ವಿವರಣೆ ಎಲ್ಲ ಮೀನುಗಳಿಗೂ ಹೊಂದುವುದಿಲ್ಲ. ಆದರೆ ಅವರು ಕಂಡದ್ದರ ತಿರುಳು ನಮಗೆ ತುಂಬಾ ಕೆಲಸಕ್ಕೆ ಬರುತ್ತದೆ. ಒಂದೇ ಬೀದಿಯಲ್ಲಿ ಒಂದೇ ಸರಕು ಮಾರುವ ಎರಡು ಅಂಗಡಿಗಳ ನಡುವೆ ಇರುವಂಥ ಪೈಪೋಟಿ ಇದು. ಒಂದೇ ಜಾತಿ, ಒಂದೇ ಆಕಾರ, ಒಂದೇ ಬಣ್ಣ, ಒಂದೇ ಆಹಾರ, ಒಂದೇ ಬಗೆಯ ಅಡಗುತಾಣ — ಇವುಗಳಲ್ಲಿ ಎಷ್ಟು ಹೆಚ್ಚು ಕೂಡುತ್ತವೋ ಜಗಳದ ಸಂಭವ ಅಷ್ಟು ಹೆಚ್ಚು.

ಹಳದಿ ಟ್ಯಾಂಗ್ ತೆಗೆದುಕೊಳ್ಳಿ. ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ, ತಟ್ಟೆಯಂತೆ ಚಪ್ಪಟೆ ಮೈಯ ಮೀನು. ಅದರ ಟ್ಯಾಂಕಿಗೆ ನೇರಳೆ ಟ್ಯಾಂಗ್ ಬಿಟ್ಟರೆ ಬಣ್ಣ ಬೇರೆಯಾದರೂ ಆಕಾರ ಅದೇ, ಊಟವೂ ಅದೇ. ಎರಡೂ ಪಕ್ಕಪಕ್ಕ ನಿಂತು, ಬೆನ್ನಿನ ಈಜುರೆಕ್ಕೆಯನ್ನು ಪೂರ್ತಿ ನಿಗುರಿಸಿ, ಬಾಲವನ್ನು ಎದುರಾಳಿಯ ಕಡೆ ತಿರುಗಿಸುತ್ತವೆ. ಬಾಲದ ಬುಡದಲ್ಲಿ ಚಾಕುವಿನಂಥ ಹರಿತವಾದ ಮುಳ್ಳಿದೆ, ಒಂದು ಸಲ ಬೀಸಿದರೆ ಪಕ್ಕೆ ಸೀಳುತ್ತದೆ. ಮೀನನ್ನು ಬಲೆಯಲ್ಲಿ ಹಿಡಿಯುವಾಗ ನಿಮ್ಮ ಕೈಗೂ ಅದೇ ಗತಿ, ಹುಷಾರು. ಅದೇ ಹಳದಿ ಟ್ಯಾಂಗ್ ಪಕ್ಕದಲ್ಲಿ ಮರಳು ಕೆದಕುವ ಗೋಬಿ ಇದ್ದರೆ ತಿರುಗಿಯೂ ನೋಡುವುದಿಲ್ಲ. ಒಂದು ನೀರಿನ ನಡುವೆ ಈಜುತ್ತದೆ, ಇನ್ನೊಂದು ತಳದಲ್ಲಿ ಕೂರುತ್ತದೆ, ಇಬ್ಬರ ದಾರಿಯೂ ಬೇರೆ.

ಈಗ ಎರಡು ಚಿತ್ರ ತೋರಿಸುತ್ತೇನೆ. (ಪರದೆಯ ಮೇಲೆ ಎರಡು ಪುಟ್ಟ ಮೀನುಗಳು, ಎರಡಕ್ಕೂ ಮುಂಭಾಗ ನೇರಳೆ, ಹಿಂಭಾಗ ಹಳದಿ.) ಎಡಗಡೆಯದು ರಾಯಲ್ ಗ್ರಾಮಾ, ಕೆರಿಬಿಯನ್ ಕಡಲಿನದು. ಬಲಗಡೆಯದು ರಾಯಲ್ ಡಾಟಿಬ್ಯಾಕ್, ಪಶ್ಚಿಮ ಪೆಸಿಫಿಕ್‌ನದು. ಎರಡೂ ಹೆಚ್ಚುಕಡಿಮೆ ಬೆರಳುದ್ದ. ಗ್ರಾಮಾ ತನ್ನ ಸಂದಿಯ ಮುಂದೆ ಬಂದವರಿಗೆ ಬಾಯಿ ತೆರೆದು ಹೆದರಿಸುತ್ತದೆ, ಅದಕ್ಕಿಂತ ಮುಂದೆ ಹೋಗುವುದು ಅಪರೂಪ. ಡಾಟಿಬ್ಯಾಕ್ ಹಾಗಲ್ಲ. ತನಗಿಂತ ದೊಡ್ಡ ಮೀನನ್ನೂ ಟ್ಯಾಂಕಿನ ಈ ತುದಿಯಿಂದ ಆ ತುದಿಗೆ ಅಟ್ಟಾಡಿಸುತ್ತದೆ, ಸಣ್ಣ ಸೀಗಡಿಗಳನ್ನು ಹರಿದು ತಿನ್ನುತ್ತದೆ. ಹೇಗೆ ಗುರುತಿಸುವುದು? ಗ್ರಾಮಾದಲ್ಲಿ ನೇರಳೆ ಬಣ್ಣ ಚುಕ್ಕಿಚುಕ್ಕಿಯಾಗಿ ನಿಧಾನಕ್ಕೆ ಹಳದಿಗೆ ಇಳಿಯುತ್ತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟು ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಎರಡು ಬಣ್ಣಗಳ ನಡುವೆ ಗೆರೆ ಕೊರೆದಂತಿರುತ್ತದೆ, ರೆಕ್ಕೆಗಳು ಹೆಚ್ಚೂಕಡಿಮೆ ಬಣ್ಣವಿಲ್ಲದೆ ಪಾರದರ್ಶಕ. ಅಂಗಡಿಯ ಮಬ್ಬು ಬೆಳಕಿನಲ್ಲಿ ಅವಸರ ಮಾಡಿದರೆ ಒಂದರ ಬದಲು ಇನ್ನೊಂದು ಮನೆಗೆ ಬರುತ್ತದೆ. ದಯವಿಟ್ಟು ನಿಂತು ನೋಡಿ.

ಜಗಳದ ಮಾತು ಇಷ್ಟಾದರೆ, ಬೇಟೆಯ ಮಾತು ಬೇರೆ. ಅದನ್ನು ಬೇಗ ಹೇಳಿ ಮುಗಿಸಬಹುದು. ಬಾಯಲ್ಲಿ ಹಿಡಿಯುವುದೆಲ್ಲ ಊಟ. ಲಯನ್‌ಫಿಶ್ ಶಾಂತವಾಗಿ ರೆಕ್ಕೆ ಹರಡಿ ತೇಲುತ್ತಿರುತ್ತದೆ, ಯಾರ ತಂಟೆಗೂ ಹೋಗದ ಸಾಧುವಿನ ಹಾಗೆ ಕಾಣುತ್ತದೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಗೋಬಿ ಇರುವುದಿಲ್ಲ. ಗ್ರೂಪರ್, ಆಂಗ್ಲರ್, ಚೇಳುಮೀನು ಎಲ್ಲವೂ ಇದೇ ಸಾಲಿನವು. ಇವುಗಳ ಬಾಯಿ ಮುಚ್ಚಿದಾಗ ಕಾಣುವುದಕ್ಕಿಂತ ತೆರೆದಾಗ ಬಹಳ ದೊಡ್ಡದು. ಸ್ನೋಫ್ಲೇಕ್ ಮೊರೆ ಹಾವುಮೀನು, ಪಫರ್, ಹಾಕ್‌ಫಿಶ್ ಇದ್ದ ಕಡೆ ಅಲಂಕಾರಕ್ಕೆ ಬಿಟ್ಟ ಸೀಗಡಿ, ಏಡಿಗಳ ಆಸೆ ಬಿಡಿ. ಚಿಟ್ಟೆಮೀನುಗಳಲ್ಲಿ ಹಲವು ಹವಳವನ್ನೇ ಕುಕ್ಕಿ ತಿನ್ನುತ್ತವೆ. ಕುಬ್ಜ ಏಂಜೆಲ್‌ಗಳಲ್ಲಿ ಒಂದು ಹವಳ ಮುಟ್ಟದೆ ವರ್ಷಗಟ್ಟಲೆ ಇದ್ದರೆ, ಅದೇ ಜಾತಿಯ ಇನ್ನೊಂದು ಮೊದಲ ವಾರವೇ ಶುರು ಮಾಡುತ್ತದೆ. ಅಲ್ಲಿ ಖಾತರಿ ಕೊಡುವವರು ಯಾರೂ ಇಲ್ಲ.

ಇನ್ನು ಎಲ್ಲರ ಪ್ರೀತಿಯ ಕ್ಲೌನ್ ಮೀನಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಮೊದಲ ಮೀನಾಗಿ ಬಹುತೇಕರು ತರುವುದು ಇದನ್ನೇ. ಎಲ್ಲ ಕ್ಲೌನ್ ಮೀನುಗಳೂ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಗುಂಪಿನಲ್ಲಿ ಎಲ್ಲರಿಗಿಂತ ಬಲವಾದದ್ದು ಹೆಣ್ಣಾಗುತ್ತದೆ. ಅದು ಸತ್ತರೆ ಅದರ ಜೊತೆಗಾರ ಗಂಡು ಹೆಣ್ಣಾಗಿ ಬದಲಾಗುತ್ತದೆ, ಅದುವರೆಗೆ ಮರಿಯಾಗಿಯೇ ಉಳಿದಿದ್ದ ಒಂದು ಮೀನು ಬೆಳೆದು ಆ ಗಂಡಿನ ಜಾಗಕ್ಕೆ ಬರುತ್ತದೆ. ಹ್ಯಾನ್ಸ್ ಮತ್ತು ಸಿಮೋನ್ ಫ್ರಿಕೆ 1977ರಲ್ಲೇ ಇದನ್ನು ವರದಿ ಮಾಡಿದ್ದರು. ಹೆಣ್ಣಿನ ದಬ್ಬಾಳಿಕೆಯೇ ಉಳಿದವು ಹೆಣ್ಣಾಗದಂತೆ ತಡೆದಿಡುತ್ತದೆ ಎಂಬುದು ಅದರ ಮುಖ್ಯ ಅಂಶ.

ಇದರಿಂದ ನಮಗೇನು ಪ್ರಯೋಜನ? ಜೋಡಿ ಮಾಡುವ ದಾರಿ ಇದರಲ್ಲೇ ಇದೆ. ಸಮ ಗಾತ್ರದ ಎರಡು ದೊಡ್ಡ ಕ್ಲೌನ್‌ಗಳನ್ನು ತಂದರೆ ಎರಡೂ ಆಗಲೇ ಹೆಣ್ಣಾಗಿರಬಹುದು, ಹಾಗಾದರೆ ಒಂದು ಸಾಯುವವರೆಗೂ ಕಾದಾಟ. ಹೆಣ್ಣು ಮತ್ತೆ ಗಂಡಾಗುವುದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು ತನ್ನಿ, ಅಥವಾ ಎರಡೂ ಮರಿಗಳನ್ನೇ ತನ್ನಿ, ಅವು ತಾವೇ ತೀರ್ಮಾನಿಸಿಕೊಳ್ಳುತ್ತವೆ. ಮೊದಲ ದಿನಗಳಲ್ಲಿ ದೊಡ್ಡದು ಸಣ್ಣದನ್ನು ಕುಟುಕುತ್ತದೆ. ಆಗ ಸಣ್ಣ ಮೀನನ್ನು ಗಮನಿಸಿ: ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ತಲೆಯಿಂದ ಬಾಲದವರೆಗೆ ಗಡಗಡ ನಡುಗುತ್ತದೆ. ಮೂರ್ಛೆ ಬಂತೇನೋ ಎಂದು ಹೊಸಬರು ಗಾಬರಿಯಾಗುತ್ತಾರೆ. ಅದು ಶರಣಾಗತಿ. "ನೀನೇ ದೊಡ್ಡವಳು" ಎಂದು ಒಪ್ಪಿಕೊಂಡ ಗುರುತು. ನಡುಕ ಕಂಡರೆ ನಿಶ್ಚಿಂತರಾಗಿ, ಜೋಡಿ ಕೂಡುತ್ತಿದೆ. ನಡುಗದೆ ಎದುರು ನಿಂತು ಬಾಯಿಗೆ ಬಾಯಿ ಕಚ್ಚಿಕೊಂಡರೆ ಬೇರೆ ಮಾಡಬೇಕು.

ಎರಡಕ್ಕಿಂತ ಹೆಚ್ಚು ಬೇಡ, ಬೇರೆ ಬೇರೆ ಕ್ಲೌನ್ ಜಾತಿಗಳನ್ನು ಬೆರೆಸುವುದೂ ಬೇಡ. ಆಸೆಲಾರಿಸ್ ಮತ್ತು ಪರ್ಕ್ಯುಲಾ ಮೆದು ಸ್ವಭಾವದವು. ಮರೂನ್ ಕ್ಲೌನ್‌ನ ಹೆಣ್ಣು ಬೆಳೆದ ಮೇಲೆ ಟ್ಯಾಂಕ್ ಪೂರ್ತಿ ತನ್ನದೇ ಎನ್ನುತ್ತದೆ, ಶುಚಿ ಮಾಡಲು ಇಳಿಸಿದ ಕೈಯನ್ನೂ ಕಚ್ಚುತ್ತದೆ. ಕಡಲಲ್ಲಿ ಕ್ಲೌನ್ ಆಸರೆ ಪಡೆಯುವ, ಹೂವಿನಂತೆ ಕಾಣುವ ಪ್ರಾಣಿ ಅನಿಮೋನ್. ಅದು ಇಲ್ಲದಿದ್ದರೂ ಟ್ಯಾಂಕಿನಲ್ಲಿ ಕ್ಲೌನ್ ಚೆನ್ನಾಗಿ ಬದುಕುತ್ತದೆ. ಅನಿಮೋನ್‌ಗೆ ಬಲವಾದ ಬೆಳಕು, ಸ್ಥಿರವಾದ ಹಳೆಯ ಟ್ಯಾಂಕ್ ಬೇಕು, ಮೀನಿನ ಸಲುವಾಗಿ ಅದನ್ನು ಅವಸರದಲ್ಲಿ ತರಬೇಡಿ.

ಕ್ಲೌನ್‌ನ ಹತ್ತಿರದ ನೆಂಟರಾದ ಡ್ಯಾಮ್ಸೆಲ್‌ಗಳ ಬಗ್ಗೆ ಒಂದು ಮಾತು. ಇವು ಗಟ್ಟಿಮುಟ್ಟು, ಕೆಟ್ಟ ನೀರನ್ನೂ ತಡೆದುಕೊಳ್ಳುತ್ತವೆ. ಆ ಒಂದೇ ಕಾರಣಕ್ಕೆ ಹೊಸ ಟ್ಯಾಂಕಿನ ನೀರು ಹದಕ್ಕೆ ಬರುವಾಗ ಇವುಗಳನ್ನು ಬಿಡುವ ರೂಢಿ ಬಹಳ ಕಾಲ ಇತ್ತು. ಅದು ಕ್ರೂರ, ಅನಗತ್ಯ ಕೂಡ. ಹೊಲಸನ್ನು ನಿಭಾಯಿಸುವ ಬ್ಯಾಕ್ಟೀರಿಯಾಗಳು ಬೆಳೆಯಲೆಂದು ಅಮೋನಿಯಾ ಹಾಕಿ, ಮೀನಿಲ್ಲದೆಯೇ ನಾಲ್ಕರಿಂದ ಆರು ವಾರಗಳಲ್ಲಿ ಟ್ಯಾಂಕನ್ನು ಸಿದ್ಧಪಡಿಸಬಹುದು. ಜೊತೆಗೆ, ಮೊದಲು ಬಂದ ಡ್ಯಾಮ್ಸೆಲ್ ಇಡೀ ಟ್ಯಾಂಕಿನ ಯಜಮಾನ ಆಗಿಬಿಡುತ್ತದೆ. ಕಪ್ಪು ಮೈಮೇಲೆ ಮೂರು ಬಿಳಿ ಬೊಟ್ಟಿನ ಡಾಮಿನೊ ಡ್ಯಾಮ್ಸೆಲ್ ಮರಿಯಾಗಿದ್ದಾಗ ಮುದ್ದು. ಬೆಳೆದಂತೆ ಬೊಟ್ಟು ಮಾಸುತ್ತದೆ, ಸಿಟ್ಟು ಏರುತ್ತದೆ. ಆಮೇಲೆ ಬಂದ ಯಾವ ಮೀನನ್ನೂ ನೆಮ್ಮದಿಯಾಗಿರಲು ಬಿಡುವುದಿಲ್ಲ. ಕಲ್ಲೆಲ್ಲ ಹೊರಗೆ ತೆಗೆಯದೆ ಅದನ್ನು ಹಿಡಿಯುವುದೂ ಆಗುವುದಿಲ್ಲ.

ಜಗಳವೇ ಇಲ್ಲದೆ ಸಾಯುವ ಮೀನುಗಳೂ ಇವೆ, ಇದನ್ನು ಜನ ಗಮನಿಸುವುದು ಕಡಿಮೆ. ಮ್ಯಾಂಡರಿನ್ ಮೀನು ನೋಡಿದ್ದೀರಲ್ಲ, ನೀಲಿ, ಕಿತ್ತಳೆ, ಹಸಿರು ಸುರುಳಿಗಳ ಆ ಅದ್ಭುತ ಜೀವಿ. ಅದನ್ನು ಯಾರೂ ಕಚ್ಚುವುದಿಲ್ಲ. ಅದು ದಿನವಿಡೀ ಕಲ್ಲಿನ ಮೇಲೆ ನಿಧಾನಕ್ಕೆ ಸರಿಯುತ್ತಾ, ಕೋಪೆಪಾಡ್ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ಅದೇ ಟ್ಯಾಂಕಿನಲ್ಲಿ ಚುರುಕಾದ ರಾಸ್ ಮೀನೊಂದಿದ್ದರೆ ಅದೂ ಕೋಪೆಪಾಡ್ ತಿನ್ನುತ್ತದೆ, ಹತ್ತು ಪಟ್ಟು ಬೇಗ. ಕೆಲವು ತಿಂಗಳಲ್ಲಿ ಮ್ಯಾಂಡರಿನ್‌ನ ಹೊಟ್ಟೆ ಒಳಸರಿದು, ಬೆನ್ನಿನ ಮೂಳೆಯ ಗೆರೆ ಎದ್ದು ಕಾಣುತ್ತದೆ. ಇಬ್ಬರಲ್ಲಿ ಜಗಳವಿರಲಿಲ್ಲ, ಆದರೂ ಒಂದು ಹಸಿವಿನಿಂದ ಸತ್ತಿತು. ಹೊಂದಾಣಿಕೆ ಎಂದರೆ ಊಟದ ಹೊಂದಾಣಿಕೆಯೂ ಹೌದು. ಕಡಲಕುದುರೆಯ ಕಥೆಯೂ ಇದೇ. ಅದು ಆಹಾರವನ್ನು ನೋಡಿ, ಅಳೆದು, ಬಾಯಿ ಹಾಕುವಷ್ಟರಲ್ಲಿ ಕ್ಲೌನ್ ಬಂದು ನುಂಗಿ ಹೋಗಿರುತ್ತದೆ. ಕಡಲಕುದುರೆ ಬೇಕೆಂದರೆ ಅದಕ್ಕೇ ಬೇರೆ ಟ್ಯಾಂಕ್ ಇಡಿ. ಇದರಲ್ಲಿ ರಾಜಿ ಬೇಡ.

ಪರಸ್ಪರ ಸಹಿಸಿಕೊಳ್ಳುವುದನ್ನು ದಾಟಿ, ಒಂದಕ್ಕೊಂದು ಆಸರೆಯಾಗುವ ಜೊತೆಯೂ ಇದೆ. ವಾಚ್‌ಮನ್ ಗೋಬಿ ಮತ್ತು ಪಿಸ್ತೂಲ್ ಸೀಗಡಿ. ಸೀಗಡಿಗೆ ದೃಷ್ಟಿ ತುಂಬಾ ಮಂದ, ಆದರೆ ಮರಳು ಅಗೆಯುವುದರಲ್ಲಿ ಪಳಗಿದ ಕೈ. ಗೋಬಿಗೆ ಕಣ್ಣು ಚುರುಕು, ಬಿಲ ತೋಡಲು ಬಾರದು. ಸೀಗಡಿ ಬುಲ್ಡೋಜರ್‌ನಂತೆ ಮರಳನ್ನು ತಳ್ಳಿಕೊಂಡು ಬಿಲದಿಂದ ಹೊರಬರುತ್ತದೆ, ಆಗೆಲ್ಲ ಅದರ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಅಪಾಯ ಕಂಡರೆ ಗೋಬಿ ಬಾಲವನ್ನು ಸಣ್ಣಗೆ ಅದುರಿಸುತ್ತದೆ. ಮೀಸೆಗೆ ಅದು ತಿಳಿದ ತಕ್ಷಣ ಸೀಗಡಿ ಒಳಗೆ, ಅದರ ಹಿಂದೆಯೇ ಗೋಬಿ. ಗಾಜಿಗೆ ಮುಖವಿಟ್ಟು ಇದನ್ನು ಗಂಟೆಗಟ್ಟಲೆ ನೋಡಬಹುದು. ಆದರೆ ಕಲ್ಲುಗಳನ್ನು ಮರಳಿನ ಮೇಲೆ ಇಡಬೇಡಿ. ಮೊದಲು ಕಲ್ಲನ್ನು ಟ್ಯಾಂಕಿನ ತಳಕ್ಕೇ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಇಲ್ಲದಿದ್ದರೆ ಸೀಗಡಿ ತೋಡಿದ ಕಡೆ ಕಲ್ಲು ಕುಸಿಯುತ್ತದೆ.

ಗಾತ್ರದ ವಿಚಾರ. ಅಂಗಡಿಯಲ್ಲಿ ನೀಲಿ ಟ್ಯಾಂಗ್ ಹೆಬ್ಬೆರಳಿನಷ್ಟು ಇರುತ್ತದೆ. ಪೂರ್ತಿ ಬೆಳೆದರೆ 30 ಸೆಂಟಿಮೀಟರ್. ಕ್ಲೌನ್ ಟ್ರಿಗರ್ 50 ಸೆಂಟಿಮೀಟರ್‌ವರೆಗೂ ಹೋಗುತ್ತದೆ. "ದೊಡ್ಡದಾದಾಗ ದೊಡ್ಡ ಟ್ಯಾಂಕ್ ತರೋಣ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಆ ಟ್ಯಾಂಕ್ ಬರುವವರೆಗೂ ಮೀನು ಇಕ್ಕಟ್ಟಿನಲ್ಲಿ ಬೆಳೆಯುತ್ತಲೇ ಇರುತ್ತದೆ, ಇಕ್ಕಟ್ಟು ಹೆಚ್ಚಿದಂತೆ ಅದರ ಕೋಪ ಉಳಿದವುಗಳ ಮೇಲೆ ತಿರುಗುತ್ತದೆ. ಬೆಳೆದ ಅಳತೆಗೇ ಇವತ್ತು ಜಾಗ ಇದೆಯೇ ನೋಡಿ. ಬಾಕ್ಸ್‌ಫಿಶ್ ಬಗ್ಗೆ ಬೇರೆಯದೇ ಎಚ್ಚರಿಕೆ: ಅದಕ್ಕೆ ವಿಪರೀತ ಹೆದರಿಕೆಯಾದರೆ ಚರ್ಮದಿಂದ ವಿಷ ಸ್ರವಿಸುತ್ತದೆ, ಮುಚ್ಚಿದ ಟ್ಯಾಂಕಿನಲ್ಲಿ ಉಳಿದ ಮೀನುಗಳ ಜೊತೆ ತಾನೂ ಸಾಯಬಹುದು.

"ಗುಂಪಾಗಿ ಇಟ್ಟರೆ ಜಗಳ ಕಡಿಮೆ ಅಲ್ಲವೇ?" ಎಂದು ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ಮೀನನ್ನು ಅವಲಂಬಿಸಿದೆ. ಪೈಜಾಮಾ ಕಾರ್ಡಿನಲ್‌ಗಳನ್ನು ಮೂರೋ ಐದೋ ಒಟ್ಟಿಗೆ ಇಡಬಹುದು, ಶಾಂತವಾಗಿರುತ್ತವೆ. ಅವುಗಳ ಬಳಗದ್ದೇ ಆದ ಬಾಂಗಾಯ್ ಕಾರ್ಡಿನಲ್ ಹಾಗಿಲ್ಲ. ಮರಿಗಳಾಗಿದ್ದಾಗ ಗುಂಪು, ಪ್ರಾಯಕ್ಕೆ ಬಂದಾಗ ಒಂದು ಜೋಡಿ ಕೂಡಿ ಉಳಿದವನ್ನು ಒಂದೊಂದಾಗಿ ಕೊಲ್ಲುತ್ತದೆ. ಅದನ್ನು ತರುವುದಾದರೆ ಟ್ಯಾಂಕಿನಲ್ಲೇ ಹುಟ್ಟಿ ಬೆಳೆದದ್ದನ್ನು ಮಾತ್ರ ತನ್ನಿ. ಇಂಡೋನೇಷ್ಯಾದ ಬಾಂಗಾಯ್ ದ್ವೀಪಗಳ ಸುತ್ತಮುತ್ತ ಮಾತ್ರ ಇದರ ಮೂಲ ನೆಲೆ, ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದೂ ಹಿಡಿದೂ 2007ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಹಸಿರು ಕ್ರೋಮಿಸ್‌ಗಳೂ ಕಡಲಲ್ಲಿ ದೊಡ್ಡ ಗುಂಪು. ಟ್ಯಾಂಕಿನಲ್ಲಿ ಏಳು ಬಿಟ್ಟರೆ ತಿಂಗಳುಗಳು ಕಳೆದಂತೆ ಐದು, ಮೂರು ಎಂದು ಕರಗುವುದೇ ಹೆಚ್ಚು.

ಈಗ ಕ್ರಮದ ವಿಷಯ. 200 ಲೀಟರಿನ ಒಂದು ಟ್ಯಾಂಕ್ ಇದೆ ಅಂದುಕೊಳ್ಳಿ. ನಾನಾದರೆ ಒಂದು ಫೈರ್‌ಫಿಶ್, ಒಂದು ವಾಚ್‌ಮನ್ ಗೋಬಿ ಅದರ ಸೀಗಡಿಯೊಂದಿಗೆ, ಒಂದು ರಾಯಲ್ ಗ್ರಾಮಾ, ಒಂದು ಜೋಡಿ ಆಸೆಲಾರಿಸ್ ಕ್ಲೌನ್ ಇಡುತ್ತೇನೆ. ಟ್ಯಾಂಗ್ ಇಡುವುದಿಲ್ಲ. ಬಿಡುವಾಗ ಇದೇ ಕ್ರಮ: ಅಂಜುಬುರುಕ ಮೊದಲು, ಜೋರಿನದು ಕೊನೆಗೆ. ಫೈರ್‌ಫಿಶ್‌ಗೆ ತನ್ನ ಸಂದಿ ಯಾವುದೆಂದು ಗೊತ್ತಾಗಿ, ಧೈರ್ಯವಾಗಿ ಊಟಕ್ಕೆ ಬರುವವರೆಗೂ ಮುಂದಿನ ಮೀನು ಬೇಡ. ಅದು ಬೆಚ್ಚಿಬಿದ್ದರೆ ನೀರಿನಿಂದ ಹಾರುತ್ತದೆ, ಟ್ಯಾಂಕಿನ ಮೇಲೆ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಇರಲೇಬೇಕು. ಒಂದು ಮೀನಿಗೂ ಇನ್ನೊಂದಕ್ಕೂ ನಡುವೆ ಕೆಲವು ವಾರ ಬಿಟ್ಟರೆ ಹೆಚ್ಚಿದ ಹೊಲಸನ್ನು ನಿಭಾಯಿಸಲು ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಸಮಯ ಸಿಗುತ್ತದೆ.

ಆ ವಾರಗಳು ಹೇಗೂ ಕ್ವಾರಂಟೈನ್‌ಗೆ ಬೇಕು. ಪ್ರತಿ ಹೊಸ ಮೀನನ್ನೂ ಬೇರೆ ಪುಟ್ಟ ಟ್ಯಾಂಕಿನಲ್ಲಿ ಕನಿಷ್ಠ ನಾಲ್ಕು ವಾರ ಇಡಿ. ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯಿಂದ ಬರುವ ಬಿಳಿಚುಕ್ಕೆ ರೋಗ ಹೊಂದಾಣಿಕೆಯ ವಿಷಯವೂ ಹೌದು. ಸದಾ ಅಟ್ಟಿಸಿಕೊಳ್ಳುವ ಮೀನು ಸೊರಗುತ್ತದೆ, ರೋಗ ಅದಕ್ಕೇ ಮೊದಲು ಹಿಡಿಯುತ್ತದೆ, ಅಲ್ಲಿಂದ ಎಲ್ಲಕ್ಕೂ ಹಬ್ಬುತ್ತದೆ. ತಾಮ್ರದ ಔಷಧಿ ಮೀನನ್ನು ಉಳಿಸುತ್ತದೆ, ಸೀಗಡಿ ಮತ್ತು ಹವಳವನ್ನು ಕೊಲ್ಲುತ್ತದೆ. ಹಾಗಾಗಿ ಮುಖ್ಯ ಟ್ಯಾಂಕಿನಲ್ಲಿ ಅದನ್ನು ಬಳಸುವಂತಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಜಗಳ ಬಂದರೆ? ಮೊದಲು ನೋಡಿ. ಹೊಸ ಮೀನನ್ನು ಹಳೆಯದು ಒಂದೆರಡು ದಿನ ಅಟ್ಟುವುದು ಸಹಜ. ಹೊಸದು ಊಟಕ್ಕೆ ಬರುತ್ತಿದ್ದರೆ ಕಾಯಬಹುದು. ಟ್ಯಾಂಕಿನ ಮೇಲ್ಮೂಲೆಯಲ್ಲೋ ಹೀಟರಿನ ಹಿಂದೆಯೋ ಅಲುಗಾಡದೆ ನಿಂತಿದೆ, ಕಿವಿರು ಜೋರಾಗಿ ಬಡಿಯುತ್ತಿದೆ, ರೆಕ್ಕೆಯ ಅಂಚು ಹರಿದಿದೆ, ಊಟ ಬಿಟ್ಟಿದೆ ಎಂದಾದರೆ ಕಾಯಬೇಡಿ. ತೂತುಗಳಿರುವ ಪಾರದರ್ಶಕ ಡಬ್ಬಿಯಲ್ಲಿ ಜೋರಿನ ಮೀನನ್ನು ಹಿಡಿದಿಟ್ಟು, ಡಬ್ಬಿಯನ್ನು ಅದೇ ಟ್ಯಾಂಕಿನೊಳಗೆ ತೂಗುಹಾಕಿ. ಬಹಳ ಜನ ಪೆಟ್ಟು ತಿಂದ ಮೀನನ್ನೇ ಡಬ್ಬಿಗೆ ಹಾಕುತ್ತಾರೆ. ಹಾಗೆ ಮಾಡಿದರೆ ಗೆದ್ದ ಮೀನಿನ ಹಕ್ಕು ಇನ್ನಷ್ಟು ಬಲವಾಗುತ್ತದೆ. ಜೋರಿನದನ್ನು ಒಂದು ವಾರ ಕೂಡಿಹಾಕಿ, ಆ ಹೊತ್ತಿಗೆ ಕಲ್ಲುಗಳ ಜೋಡಣೆಯನ್ನೂ ಬದಲಿಸಿ. ಹೊರಬಂದಾಗ ಅದಕ್ಕೂ ಜಾಗ ಹೊಸದು. ಟ್ಯಾಂಗ್‌ಗಳಾದರೆ ಹೊರಗಡೆ ಗಾಜಿಗೆ ಕನ್ನಡಿ ಒರಗಿಸಿಟ್ಟರೂ ಕೆಲವು ದಿನ ಅದರ ಗಮನ ಅತ್ತ ಹೋಗುತ್ತದೆ.

ಯಾವುದಕ್ಕೂ ಬಗ್ಗದಿದ್ದರೆ ಆ ಮೀನನ್ನು ಬೇರೆಯವರಿಗೆ ಕೊಡಬೇಕು. ಕಡಲಿಗೆ ಮಾತ್ರ ಬಿಡಬೇಡಿ. ಇಂಡೋ-ಪೆಸಿಫಿಕ್ ಕಡಲಿನ ಲಯನ್‌ಫಿಶ್ 1985ರಲ್ಲಿ ಫ್ಲೋರಿಡಾ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಬಿಟ್ಟದ್ದೇ ಅದರ ಮೂಲ ಎಂಬುದು ವಿಜ್ಞಾನಿಗಳ ಬಲವಾದ ಅಭಿಪ್ರಾಯ. ಇವತ್ತು ಅದು ಕೆರಿಬಿಯನ್ ತುಂಬಾ ಹರಡಿ, ಅಲ್ಲಿನ ಸಣ್ಣ ಮೀನುಗಳನ್ನು ತಿಂದು ಹಾಕುತ್ತಿದೆ. ಆದ್ದರಿಂದ ಮೀನನ್ನು ಚೀಲಕ್ಕೆ ತುಂಬಿಸುವ ಮೊದಲೇ ಮಾರುವವರನ್ನು ಕೇಳಿಟ್ಟುಕೊಳ್ಳಿ: ನಮ್ಮಲ್ಲಿ ಹೊಂದದಿದ್ದರೆ ನೀವು ವಾಪಸು ತೆಗೆದುಕೊಳ್ಳುತ್ತೀರಾ? ಇಲ್ಲ ಎಂದರೆ, ತೆಗೆದುಕೊಳ್ಳುವ ಇನ್ನೊಬ್ಬ ಸಾಕಣೆದಾರರನ್ನು ಹುಡುಕಿಕೊಂಡ ಮೇಲೆ ಆ ಮೀನಿಗೆ ಹೋಗಿ.